ಟ್ಯಾಂಕಿನ ಮೇಲೆ ಕುಳಿತು

ಪೆಟ್ರೋಲಿನ ವಾಸನೆ ಬಂದರೆ ಈಗಲೂ ನನಗೆ ನಾರಾಯಣಗೂಡದ ಒಂದು ಮಧ್ಯಾಹ್ನ ನೆನಪಾಗುತ್ತದೆ. ಅಂದು ಅಪ್ಪ ಹಳೆಯ ಮೋಟಾರ್‌ಸೈಕಲ್ ಕೊಂಡು ತಂದಿದ್ದರು.

ಅಜ್ಜಿಯ ಎದುರು ಅಪ್ಪ, ಅವ್ವ ನಕ್ಕು ಮಾತನಾಡಿದ್ದನ್ನು ನಾನು ನೋಡಿರಲೇ ಇಲ್ಲ. ಆದರೆ ಆ ದಿನ ಅಜ್ಜಿಯೇ, "ಹೆಂಡ್ತಿನ್ನೂ ಕೂಸಿನ್ನೂ ಒಂದ್ ಸುತ್ತ ಕರಕೊಂಡ್ ಹೋಗಿ ಬಾ" ಎಂದು ಅಪ್ಪನನ್ನು ಕಳಿಸಿದಳು.

ಬಿಸಿಲಿಗೆ ಕಾದಿದ್ದ ಟ್ಯಾಂಕಿನ ಮೇಲೆ ಟವೆಲ್ ಹಾಸಿ ಅಪ್ಪ ನನ್ನನ್ನು ಕೂರಿಸಿದರು. ಅವ್ವ ಹಿಂದೆ ಕಂಬಿ ಹಿಡಿದು ಕುಳಿತಳು.

ಗಲ್ಲಿ ದಾಟಿದ್ದೇ ತಡ, ಅವಳ ಕೈ ಅಪ್ಪನ ಹೆಗಲಿಗೆ ಬಂತು.

"ಇನ್ನೂ ಜೋರ ಹೊಡೀರಿ!" ಎಂದು ಕೂಗಿ ನಕ್ಕಳು. ಅಪ್ಪ ಸಿಳ್ಳೆ ಹಾಕಿದರು. ಅವರು ನನಗೆ ಥೇಟ್ ಸಿನಿಮಾ ಹೀರೋನಂತೆ ಕಂಡರು.

ಮರಳಿ ಗಲ್ಲಿಗೆ ತಿರುಗುವ ಮುನ್ನ ಅಪ್ಪ ಗಾಡಿ ನಿಧಾನ ಮಾಡಿ, "ನಾಳೀನೂ ಬರ್ತಿ ಏನು?" ಎಂದು ಮೆಲ್ಲಗೆ ಕೇಳಿದರು.

ನನ್ನನ್ನೇ ಕೇಳಿದರೆಂದುಕೊಂಡು ನಾನು ಜೋರಾಗಿ "ಹೂಂ" ಎಂದೆ.