ಅಲುಗುವ ದನಿ

ಹಾಡಿನ ಕೊನೆಯ ಸಾಲಿನಲ್ಲಿ ಅಲುಗುತ್ತಿರುವ ದನಿ ಯಾರದು ಎಂದು ಮೇಷ್ಟ್ರು ಕೇಳಿದಾಗ ಗಾಯನವೃಂದದ ನಲವತ್ತು ಜನರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಸೊಸೆ ಮಾತ್ರ ಬಾಯಿ ತೆರೆದಳು.

“ನಮ್ಮತ್ತೇದು, ಮೇಷ್ಟ್ರೇ.”

ಅತ್ತೆ ಪಕ್ಕದಲ್ಲೇ ನಿಂತಿದ್ದರು. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದೆ, ಅದರಲ್ಲಿ ಮುಚ್ಚಿಡುವುದೇನಿದೆ ಎಂದುಕೊಂಡಳು ಸೊಸೆ. ಅವಳು ಕಚೇರಿಯಲ್ಲಿ ನಕ್ಷೆ ಬರೆಯುವವಳು. ಗೆರೆ ಅಲುಗಿದರೆ ಅಳಿಸಿ ಮತ್ತೆ ಎಳೆಯಬೇಕು, ದನಿಯೂ ಹಾಗೆಯೇ ಎಂಬುದು ಅವಳ ವಾದ. ಹೊಸದಾಗಿ ಬಂದ ಮೇಷ್ಟ್ರೂ ಅದೇ ಪಕ್ಷ. ಇದು ಮುನ್ನೂರು ವರ್ಷ ಹಳೆಯ ರಚನೆ, ಆ ಕಾಲದಲ್ಲಿ ಸ್ವರವನ್ನು ನೇರವಾಗಿ ಹಿಡಿದು ಹಾಡುತ್ತಿದ್ದರು, ನಲವತ್ತು ಗಂಟಲು ಸೇರಿ ಒಂದೇ ಗಂಟಲಾಗಬೇಕು ಎನ್ನುವರು. ಆ ಕಾಲಕ್ಕೆ ಇವರೇನು ಹೋಗಿ ಕೇಳಿಕೊಂಡು ಬಂದರೇ ಎಂದು ಅತ್ತೆ ಮನೆಯಲ್ಲಿ ಪಾತ್ರೆ ತೊಳೆಯುತ್ತ ಗೊಣಗುವರು. ತುಸು ಅಲುಗಿದರೇನೇ ಸ್ವರಕ್ಕೆ ಜೀವ, ಇಲ್ಲದಿದ್ದರೆ ಅದು ನಲ್ಲಿಯಲ್ಲಿ ಗಾಳಿ ಬಂದ ಹಾಗೆ ಎನ್ನುವರು. ಪಾತ್ರೆ ಒರೆಸುತ್ತ ಸೊಸೆ ಎದುರು ವಾದಿಸುವಳು. ಈ ಜಗಳವಿಲ್ಲದೆ ಆ ಮನೆಯಲ್ಲಿ ಪಾತ್ರೆ ಬೆಳಗಿದ್ದೇ ಇಲ್ಲ.

ಮೇಷ್ಟ್ರು ತಾಳ ತೋರಿಸುವ ಕಡ್ಡಿಯನ್ನು ಕೆಳಗಿಟ್ಟರು. “ಅಮ್ಮಾ, ಕೊನೇ ಸಾಲಿಗೆ ನೀವು ಬರೀ ಬಾಯಿ ಆಡಿಸಿ. ದನಿ ಬೇಡ.”

ಮೂವತ್ತೊಂದು ವರ್ಷದಿಂದ ಆ ವೃಂದದಲ್ಲಿ ಹಾಡುತ್ತ ಬಂದವರು, ಮೂರು ಜನ ಮೇಷ್ಟ್ರನ್ನು ಮಾತಿನಲ್ಲೇ ಸುಸ್ತು ಮಾಡಿದವರು, “ಆಗಲಿ” ಎಂದರು. ಅಷ್ಟೇ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತರು.

ಆ ಒಂದು “ಆಗಲಿ” ಸೊಸೆಯ ನೆಮ್ಮದಿ ಕೆಡಿಸಿತು. ಅಂದಿನಿಂದ ಪಾತ್ರೆಗಳು ಸದ್ದಿಲ್ಲದೆ ತೊಳೆದುಕೊಂಡವು. ಬೇಕೆಂದೇ ಮೇಷ್ಟ್ರನ್ನು ಹೊಗಳಿ ನೋಡಿದಳು, ಅತ್ತೆ ಹೂಂಗುಟ್ಟಿದರು. ಕಚೇರಿಯಲ್ಲಿ ಅವಳು ಒಂದು ಚರಂಡಿಯನ್ನು ಶಾಲೆಯ ನಡುಮಧ್ಯದಲ್ಲಿ ಹಾಯಿಸಿ ಬೈಸಿಕೊಂಡಳು. ಪ್ರದರ್ಶನದ ಹಿಂದಿನ ದಿನ ತಡೆಯಲಾರದೆ, ತಾನೇ ಮೇಷ್ಟ್ರ ಹತ್ತಿರ ಮಾತಾಡಲೇ ಎಂದು ಕೇಳಿದಳು.

“ಯಾಕೆ? ನೀನೇನು ಸುಳ್ಳು ಹೇಳಿದ್ಯಾ?”

“ಇಲ್ಲ ಅತ್ತೆ.”

“ಮತ್ತೆ ಸುಮ್ನಿರು. ನಿಮ್ಮ ಮಾವನಿಗೆ ಮಾತ್ರ ಹೇಳ್ಬೇಡ.”

ಮಾವ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಈಗ ಅವರ ಕಣ್ಣಿಗೆ ಕಾಣುವುದೆಲ್ಲ ಮಂಜು. ಆದರೂ ಹೆಂಡತಿಯ ಒಂದು ಪ್ರದರ್ಶನವನ್ನೂ ತಪ್ಪಿಸಿದವರಲ್ಲ. ಪ್ರೇಕ್ಷಕರ ಮೂರನೇ ಸಾಲಿನ ತುದಿಯಲ್ಲಿ ಕೂತು, ನಲವತ್ತು ದನಿಗಳ ನಡುವೆ ಆ ಒಂದನ್ನು ಹೆಕ್ಕಿ, ಅದಕ್ಕೆ ಸರಿಯಾಗಿ ತಲೆ ಆಡಿಸುವರು. ಮನೆಗೆ ಬಂದ ಮೇಲೆ ಯಾವ ಸಾಲಿನಲ್ಲಿ ಉಸಿರು ಸಾಲಲಿಲ್ಲ ಎಂಬುದನ್ನೂ ಹೇಳುವರು. ಸೊಸೆಗೆ ಅದು ಆಗ ನೆನಪಾಯಿತು.

ಮರುದಿನ ಸಂಜೆ ಸಭಾಂಗಣ ತುಂಬಿತ್ತು. ಕೊನೆಯ ಹಾಡು ಕೊನೆಯ ಸಾಲಿಗೆ ಬಂತು. ಅತ್ತೆ ಬಾಯಿ ತೆರೆದರು. ಗಂಟಲಿನ ನರ ಅಲುಗಲಿಲ್ಲ. ಸೊಸೆಯ ಬಲಗಿವಿಯ ಕಡೆ ಒಮ್ಮೆಲೇ ಖಾಲಿಯಾಯಿತು. ನಲವತ್ತು ದನಿ ಮೂವತ್ತೊಂಬತ್ತಾಗಿ, ಮೇಷ್ಟ್ರು ಬಯಸಿದ ಹಾಗೆ ನೇರವಾಗಿ, ನುಣ್ಣಗೆ ಏರಿತು. ಚೆನ್ನಾಗಿಯೇ ಇತ್ತು. ಮೂರನೇ ಸಾಲಿನಲ್ಲಿ ಮಾವನ ತಲೆ ನಿಂತಿತು. ಹಿಂದೆ ಕೈಗಡಿಯಾರ ನಡೆಯುತ್ತಿದೆಯೋ ಇಲ್ಲವೋ ಎಂದು ಕಿವಿಗೆ ಹಿಡಿಯುತ್ತಿದ್ದರಲ್ಲ, ಹಾಗೆ ಒಂದು ಕಿವಿಯನ್ನು ವೇದಿಕೆಯ ಕಡೆ ಹೊರಳಿಸಿದರು. ಆಮೇಲೆ ಎದುರಿನ ಕುರ್ಚಿಯ ಬೆನ್ನು ಹಿಡಿದು ಅರ್ಧ ಎದ್ದರು.

ಸೊಸೆ ತನ್ನ ನೇರ ದನಿಯನ್ನು ಬಿಟ್ಟು ಅತ್ತೆಯ ಹಾಗೆ ಅಲುಗಿಸಿದಳು. ಅಭ್ಯಾಸವಿಲ್ಲದ ಗಂಟಲು ಎಲ್ಲೆಲ್ಲೋ ಅಲುಗಿತು, ಇಳಿಜಾರಿನಲ್ಲಿ ಬ್ರೇಕಿಲ್ಲದ ಸೈಕಲ್ಲಿನಂತೆ. ಅಕ್ಕಪಕ್ಕದವರು ಬೆಚ್ಚಿದರು. ಮೇಷ್ಟ್ರ ಎಡಗೈ, ನಿಲ್ಲಿಸಿ ಎನ್ನುವ ಹಾಗೆ, ಮುಷ್ಟಿಯಾಗಿ ಅತ್ತೆಯ ಕಡೆ ತಿರುಗಿತು. ಮಾವ ಮೆಲ್ಲಗೆ ಕೂತರು. ತಲೆ ಮತ್ತೆ ಆಡತೊಡಗಿತು.

ಪರದೆ ಬಿದ್ದದ್ದೇ ಮೇಷ್ಟ್ರು ನೇರವಾಗಿ ಅತ್ತೆಯ ಹತ್ತಿರ ಬಂದರು. ಅಷ್ಟು ಹೇಳಿದ್ದರೂ ಹಟ ಬಿಡಲಿಲ್ಲವಲ್ಲ ಎಂದರು. ಮುಂದಿನ ತಿಂಗಳಿಂದ ಮನೆಯಲ್ಲೇ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅವಳ ಪಾದವನ್ನು ಬಲವಾಗಿ ತುಳಿದರು.

“ತಪ್ಪಾಯ್ತು ಮೇಷ್ಟ್ರೇ. ತಡೆಯೋಕಾಗ್ಲಿಲ್ಲ.”

ಹೊರಗೆ ಮೆಟ್ಟಿಲ ಬಳಿ ಮಾವ ಕಾಯುತ್ತಿದ್ದರು. ಹೆಂಡತಿಯ ಹೆಜ್ಜೆ ಗುರುತು ಹಿಡಿದು ಕೈ ಚಾಚಿದರು. ಕೊನೆಯ ಸಾಲಿನಲ್ಲಿ ಒಂದು ಕ್ಷಣ ನೀನು ಸಿಗಲಿಲ್ಲ, ಎದೆ ಧಸಕ್ಕೆಂದಿತು, ಆಮೇಲೆ ಸಿಕ್ಕೆ, ಎಂದಿನ ಹಾಗೇ ಇತ್ತು ಎಂದರು.

ಅತ್ತೆ ಅವರ ಕೈಯನ್ನು ತಮ್ಮ ಭುಜದ ಮೇಲೆ ಇಟ್ಟುಕೊಂಡು ಎರಡು ಮೆಟ್ಟಿಲು ಇಳಿದರು. ಅಲ್ಲಿಯೇ ನಿಂತು ಸೊಸೆಯ ಕಡೆ ತಿರುಗಿ, ಅವರಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದರು.

“ನಂದು ಅಷ್ಟೊಂದು ಅಲುಗುತ್ತೇನೇ?”

ಸೊಸೆ ತನ್ನ ಚಪ್ಪಲಿ ನೋಡಿಕೊಂಡಳು.