ಕುಂತ್ಕೋ

"ಕುಂತ್ಕೋ. ಇರು." ಸೇಲಂನ ಸ್ಪರ್ಧಾ ಮೈದಾನದ ನಡುವೆ ನಾಯಿ ಮುತ್ತುವಿಗೆ ಹೀಗೆ ಹೇಳಿ ವನಿತಾ ದೂರ ಹೋಗಿ ನಿಂತಳು. ಅವಳು "ಬಾ" ಎನ್ನುವವರೆಗೆ ಅದು ಮಿಸುಕಬಾರದು. ಮಿಸುಕಿದರೆ ಸ್ಪರ್ಧೆಯಿಂದಲೇ ಹೊರಗೆ.

ಪಾಲಕೋಡಿನಿಂದ ಬುತ್ತಿ ಕಟ್ಟಿಕೊಂಡು ಬಂದು ಹಗ್ಗದಾಚೆ ಕುಳಿತಿದ್ದ ತಾಯಿ ಪಾಪಮ್ಮನಿಗೆ ಎದೆ ತುಂಬಿ ಬಂತು. ಕಾಲೇಜಿಗೆ ಸೇರಿದ ಮೇಲೆ ತನಗೂ ತಮಿಳಿನಲ್ಲೇ ಉತ್ತರ ಕೊಡುವ ಮಗಳ ಬಾಯಲ್ಲಿ ಇವತ್ತು ಮನೆಮಾತು! ಬೇರೆಯವರ ಕೂಗಿಗೆ ನಾಯಿ ಓಗೊಡದಿರಲೆಂದು, ಅಲ್ಲಿ ಯಾರಿಗೂ ಬಾರದ ಭಾಷೆಯಲ್ಲಿ ಅದನ್ನು ಪಳಗಿಸಿದ್ದಾಳೆಂದು ಆ ಮುದುಕಿಗೇನು ಗೊತ್ತು? ಹಿಗ್ಗು ತಡೆಯಲಾರದೆ ಬುತ್ತಿ ಎತ್ತಿ ತೋರಿಸಿ ಕೂಗಿಯೇಬಿಟ್ಟಳು: "ಬಾ ಮಗಾ, ಬಾ! ಒಂದ್ ತುತ್ತು ಉಂಡ್ಕೊಂಡ್ ಓಗು!"

ಬಂದದ್ದು ಮುತ್ತು. ಬಾಲ ಆಡಿಸುತ್ತಾ ಓಡಿಬಂದು ಪಾಪಮ್ಮನ ಮಡಿಲಿಗೆ ತಲೆಯಿಟ್ಟಿತು. ಮೈದಾನದಲ್ಲಿ ತೀರ್ಪುಗಾರರು ಸೀಟಿ ಊದಿದರು, ಜನ ನಕ್ಕರು.

ಕೆಂಡದಂಥ ಮುಖ ಹೊತ್ತು ವನಿತಾ ಹಗ್ಗದ ಬಳಿಗೆ ಬಂದಳು. ಪಾಪಮ್ಮ ಗಾಬರಿಯಿಂದ ಎದ್ದು ನಿಂತಳು. "ನಾಯೀನ ಅಲ್ಲ ಕಣವ್ವಾ, ನಾನು ನಿನ್ನ ಕರ್ದೆ..."

"ಕುಂತ್ಕೋ!" ಎಂದು ಕಿರುಚಿದಳು ಮಗಳು, ತಾಯಿಯ ಮುಖವನ್ನೇ ನೋಡುತ್ತಾ. ಎಷ್ಟೋ ವರ್ಷಗಳ ಮೇಲೆ, ಕನ್ನಡದಲ್ಲಿ.

ಮುತ್ತು ಕುಳಿತಿತು. ಪಾಪಮ್ಮನೂ ಕುಳಿತಳು.