ಕುಂಕುಮ ಬೀಳದ ಫೋಟೋ

“ನಮ್ ಸೊಸೆ ಹಣೆ ಬೋಳಾಗೈತಲ್ಲಪ್ಪ,” ಎಂದು ಗಂಗುಲಪ್ಪ ಫೋಟೋವನ್ನು ಮೇಜಿನ ಮೇಲೆ ಇಟ್ಟ.

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕೊಂಡಪ್ಪನಿಗೆ ಎಷ್ಟೋ ವಾಸಿಯಿತ್ತು. ಶ್ರೀನಿವಾಸಪುರದಲ್ಲಿ ಹದಿನೆಂಟು ವರ್ಷದಿಂದ ಫೋಟೋ ತೆಗೆಯುತ್ತಿದ್ದವನಿಗೆ ಬೈಸಿಕೊಂಡು ಅಭ್ಯಾಸವಾಗಿತ್ತು. ಮೂಗು ದಪ್ಪವಾಯಿತು ಅಂದವರಿದ್ದರು, ಮಗು ಕಪ್ಪಾಯಿತು ಅಂದವರಿದ್ದರು. ಮುತ್ತೈದೆಯ ಕುಂಕುಮ ಕಳೆದೆ ಎಂದು ಇದುವರೆಗೆ ಯಾರೂ ಅಂದಿರಲಿಲ್ಲ.

ಅವನು ಫೋಟೋ ಹಿಡಿದು ಬಾಗಿಲ ಬೆಳಕಿಗೆ ಹೋದ. ಅದರಲ್ಲಿ ಸೊಸೆ ಶಾಮಲಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಚಿತ್ರಕ್ಕೆಲ್ಲ ಹೊಗೆ ಕವಿದಂತಿತ್ತು, ಆದರೂ ಮೂಗುಬೊಟ್ಟು ಕಾಣುತ್ತಿತ್ತು, ಕೊರಳ ಕರಿಮಣಿ ಕಾಣುತ್ತಿತ್ತು. ಕಾಸಗಲದ ಕುಂಕುಮ ಮಾತ್ರ ಇರಲಿಲ್ಲ. ತೆಗೆಯುವಾಗ ಇತ್ತು, ಅವನೇ ಕಣ್ಣಾರೆ ಕಂಡಿದ್ದ.

ಫೋಟೋ ಬೇಕಾಗಿದ್ದದ್ದು ಗಂಗುಲಪ್ಪನ ಮಗ ಶ್ರೀರಾಮಪ್ಪನಿಗೆ. ಯಲ್ದೂರಿನಿಂದ ಪಟಾಲಮ್ಮು ಸೇರಿ ಬರ್ಮಾ ಗಡಿಗೆ ಹೋದವನು, ಹೆಂಡತಿಯದೊಂದು ಫೋಟೋ ಕಳಿಸಿ ಎಂದು ಯುಗಾದಿಗೆ ಕಾಗದ ಬರೆದಿದ್ದ. ಗುಂಡು ಹಾರುವ ಕಡೆ ಇರುವವನ ಕೈಗೆ ಕುಂಕುಮವಿಲ್ಲದ ಹೆಂಡತಿಯ ಮುಖ ಹೋದರೆ ಅವನು ಏನೆಂದುಕೊಳ್ಳಬೇಕು? ಕೊಂಡಪ್ಪ ಮೇಜಿನ ಖಾನೆ ಎಳೆದು ಪೆನ್ಸಿಲ್ ಹುಡುಕಿದ.

“ಕಪ್ಪು ಪೆನ್ಸಿಲಲ್ಲಿ ಒಂದು ಬೊಟ್ಟು ತಿದ್ದಿಕೊಡ್ತೀನಿ ಯಜಮಾನ್ರೇ. ಗೊತ್ತೇ ಆಗಲ್ಲ.”

“ತಿದ್ದಿದ್ದು ಬ್ಯಾಡ. ತಾನಾಗೇ ಬೀಳ್ಲಿ. ಪರ್ವಾಲೇದಪ್ಪ, ನಿದಾನಕ್ಕೆ ನೋಡು.”

ಎಂಥ ದೊಡ್ಡ ಮನಸ್ಸು ಎಂದುಕೊಂಡ ಕೊಂಡಪ್ಪ. ಅವನು ಮುಖಗಳನ್ನು ಬೆಳಕು, ನೆರಳು ಎಂದಷ್ಟೇ ನೋಡುವವನು. ಗಂಗುಲಪ್ಪನ ಮುಖದಲ್ಲಿ ಅವೆರಡೂ ಅಲ್ಲದ ಇನ್ನೇನೋ ಇದ್ದದ್ದನ್ನು ಗಮನಿಸಲಿಲ್ಲ.

ತಪ್ಪು ಕ್ಯಾಮೆರಾದ್ದೇ ಇರಬೇಕು. ಮಡಿಸುವ ಹಳೆಯ ಕ್ಯಾಮೆರಾ, ಅದರ ತೊಗಲಿನ ತಿದಿ ಮಡಿಕೆ ಮಡಿಕೆಗೂ ಸವೆದಿತ್ತು. ಕತ್ತಲೆ ಕೋಣೆಯಲ್ಲಿ ತಿದಿಯೊಳಗೆ ಬ್ಯಾಟರಿ ದೀಪ ಇಟ್ಟು ನೋಡಿದ. ಸೂಜಿಮೊನೆಯಷ್ಟು ಎರಡು ತೂತು ಮಿನುಗಿದವು. ಅಂಟಿಗೆ ದೀಪದ ಮಸಿ ಕಲಸಿ ಮುಚ್ಚಿದ. ಗಾಜಿಗೆ ಹಿಡಿದಿದ್ದ ಬೂಷ್ಟನ್ನು ಒರೆಸಿದ. ಸಾಲದೆಂದು ಬಾವಿ ನೀರು ಬಿಟ್ಟು ಮಳೆನೀರಿನಲ್ಲಿ ಫಿಲಂ ತೊಳೆಯುವ ಔಷಧ ಕಲಸಿದ.

ತಿಂಗಳಾದ ಮೇಲೆ ಮಾವ, ಸೊಸೆ ಮತ್ತೆ ಬಂದರು. ಸಂಜೆಗೆ ತೊಳೆದುಕೊಟ್ಟ ಫೋಟೋ ಮತ್ತೆ ಹೊಗೆ ಹೊಗೆ. ಹಣೆ ಮತ್ತೆ ಬೋಳು.

“ಬಿದ್ದಿಲ್ಲ,” ಎಂದ ಗಂಗುಲಪ್ಪ. ಟವೆಲಿನಿಂದ ಮುಖ ಒರೆಸಿಕೊಂಡು, ಕೊಂಡಪ್ಪನಿಗೆ ತಾನೇ ಸಮಾಧಾನ ಹೇಳಿದ. “ಮುಂದ್ಲ ತಿಂಗ್ಳು ಬರ್ತೀವಿ ಬಿಡು.”

ಶಾಮಲಮ್ಮ ಮಾತ್ರ ಹೊಸ್ತಿಲಲ್ಲಿ ನಿಂತಳು. “ಯುಗಾದಿ ಕಾಗ್ದಕ್ಕೆ ಇನ್ನೂ ಉತ್ರ ಹಾಕಿಲ್ಲ ಅಣ್ಣ. ಫೋಟೋ ಇಟ್ಟೇ ಹಾಕಾಣ ಅಂತಾರೆ ಮಾವ. ಅವ್ರು ಅಲ್ಲಿ ಕಾಯ್ತಿರ್ತಾರೆ. ಮುಂದಿನ್ಸಲನಾದ್ರೂ ಸರಿಯಾಗಿ ತೆಗೀರಿ.”

ಆ ಮಾತು ಕೊಂಡಪ್ಪನಿಗೆ ಚುಚ್ಚಿತು. ನಾಚಿಕೆಯಾಯಿತು. ಅವತ್ತು ಊಟಕ್ಕೂ ಏಳದೆ ಕೂತ. ಯುದ್ಧ ಶುರುವಾದ ಮೇಲೆ ಹಳೆಯ ಫಿಲಂ ಸಿಗದೆ ಬೆಂಗಳೂರಿನಿಂದ ಹೊಸ ಬಗೆಯದು ತರಿಸಿದ್ದ. ಅದನ್ನು ಮೊದಲು ಹಾಕಿದ್ದೇ ಇವರಿಗೆ. ಡಬ್ಬಿಯ ಮೇಲಿದ್ದ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದ. ಎಲ್ಲ ಬಣ್ಣವನ್ನೂ ಹಿಡಿಯುವ ಫಿಲಂ, ಪೂರಾ ಕತ್ತಲಲ್ಲಿ ತೊಳೆಯಬೇಕು ಎಂದಿತ್ತು.

ಹಳೆಯ ಫಿಲಂ ಕೆಂಪಿಗೆ ಕುರುಡು. ಅದಕ್ಕೇ ಕುಂಕುಮ ಕಪ್ಪಾಗಿ ಬೀಳುತ್ತಿತ್ತು, ಅದಕ್ಕೇ ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ತೊಳೆದರೂ ಕೆಡುತ್ತಿರಲಿಲ್ಲ. ಹೊಸದಕ್ಕೆ ಕೆಂಪು ಕಾಣುತ್ತದೆ. ಕುಂಕುಮ ಮೈಬಣ್ಣದಲ್ಲಿ ಕರಗಿಹೋಗುತ್ತದೆ, ದೀಪ ಹಚ್ಚಿದರೆ ಫಿಲಂಗೆ ಹೊಗೆ ಹಿಡಿಯುತ್ತದೆ. ಹದಿನೆಂಟು ವರ್ಷ ನಂಬಿದ ದೀಪವೇ ಕೈಕೊಟ್ಟಿತ್ತು. ಕೊಂಡಪ್ಪ ಒಬ್ಬನೇ ಕೂತು ನಕ್ಕ.

ಮೂರನೆಯ ಸಲ ಬಂದಾಗ ಉಪಾಯ ಹೇಳಿದ. “ಕುಂಕುಮದ ಮೇಲೆ ಒಂಚೂರು ಕಾಡಿಗೆ ಇಟ್ಕೊಳಮ್ಮ. ಕಪ್ಪಾದ್ರೆ ಎಲ್ಲೂ ಹೋಗಲ್ಲ.”

“ಮುತ್ತೈದೆ ಹಣೆಗೆ ಕಾಡಿಗೆಯಾ? ಬ್ಯಾಡ,” ಎಂದ ಗಂಗುಲಪ್ಪ.

“ಕೆಳಗೆ ಕುಂಕುಮ ಇದ್ದೇ ಇರ್ತೈತಲ್ಲ ಮಾವ,” ಎಂದು ಶಾಮಲಮ್ಮ ತಾನೇ ಬೆರಳದ್ದಿ ಇಟ್ಟುಕೊಂಡಳು. ಗಂಗುಲಪ್ಪ ರಸ್ತೆ ಕಡೆ ತಿರುಗಿ ನಿಂತ.

ಫಿಲಂನ ನಂಬರು ನೋಡಲು ಕ್ಯಾಮೆರಾದ ಬೆನ್ನಿಗಿದ್ದ ಕೆಂಪು ಕಿಂಡಿಗೂ ಕಪ್ಪು ಕಾಗದ ಅಂಟಿಸಿದ್ದಾಯಿತು. ಕೊಂಡಪ್ಪ ಕಗ್ಗತ್ತಲಲ್ಲಿ ಬಾಯಲ್ಲೇ ಎಣಿಸಿಕೊಂಡು ಫಿಲಂ ತೊಳೆದ. ಫೋಟೋ ಅಂದರೆ ಫೋಟೋ. ರೆಪ್ಪೆ ರೆಪ್ಪೆಯೂ ಬಿಡಿಬಿಡಿಯಾಗಿ ಬಿದ್ದಿತ್ತು. ಹಣೆಯ ನಡುವೆ ಬೊಟ್ಟು ದುಂಡಗೆ, ಕಪ್ಪಗೆ ಕೂತಿತ್ತು.

ಎರಡು ದಿನ ಬಿಟ್ಟು ಗಂಗುಲಪ್ಪ ಒಬ್ಬನೇ ಬಂದ. ಫೋಟೋ ತೆಗೆದುಕೊಂಡು ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ.

“ಸೆರಗು ಮಡಿಕೆ ಬಿದ್ದೈತೆ.”

“ಸೆರಗು ಅಂದ್ಮೇಲೆ ಮಡಿಕೆ ಇರಲ್ವಾ ಯಜಮಾನ್ರೇ?”

“ಎಡಗಣ್ಣು ಒಸಿ ಸಣ್ಣಗೈತೆ.”

ಕೊಂಡಪ್ಪನಿಗೆ ರೇಗಿತು. ಇಷ್ಟು ದಿನ ಪಟ್ಟ ಪಾಡಿಗೆ ಒಂದು ಒಳ್ಳೆಯ ಮಾತಾದರೂ ಬೇಡವೇ? ಲಕೋಟೆ ಎಳೆದುಕೊಂಡು ಪೆನ್ನಿಗೆ ಮಸಿ ಅದ್ದಿದ. “ವಿಳಾಸ ಹೇಳಿ. ಇಂಗ್ಲಿಷಲ್ಲಿ ಬರ್ದು ಇವತ್ತೇ ನಾನೇ ಟಪಾಲಿಗೆ ಹಾಕ್ತೀನಿ. ನಿಮ್ ಸೊಸೆ ಉತ್ರಕ್ಕೆ ದಿನ ಎಣಿಸ್ಕೊಂಡು ಕೂತ್ಕೊಳ್ಳಲಿ.”

ಗಂಗುಲಪ್ಪ ಲಕೋಟೆಯ ಮೇಲೆ ಅಂಗೈ ಊರಿದ. ಬಾಗಿಲ ಕಡೆ ಒಮ್ಮೆ ನೋಡಿ, ಮೊದಲ ದಿನದ ಅದೇ ದನಿಯಲ್ಲಿ ಮಾತಾಡಿದ.

“ಹೆಂಗಾರ ಮಾಡಿ ಇದನ್ನೂ ಕೆಡಿಸಿಕೊಡಪ್ಪ. ಅವನು ಹೋದ ಅಂತ ತಂತಿ ಬಂದು ಮೂರು ತಿಂಗ್ಳಾಯ್ತು, ನಾನು ಮನೇಲಿ ಇನ್ನೂ ಹೇಳಿಲ್ಲ.”